ಸೀಲಿಗೇ ಸೀಲು ಹಾಕಿದ್ಯಾರು?

ಮಾನ್ಯ ಸಂಪಾದಕರೇ,

ರಬ್ಬರ್ ಸ್ಟಾಂಪಿನ ಬಗ್ಗೆ ಯಾರಾದ್ರೂ ಪೇಪರಿಗೆ ಪತ್ರ ಬರೀತಾರಾ ಅಂತ ಮನೇಲಿ ನಕ್ಕರು. ನಗ್ಲಿ ಬಿಡಿ. ನಾನು ಒಂದು ಆಫೀಸಲ್ಲಿ ಸ್ಟೇಷನರಿ ತರಿಸೋ ಕೆಲಸ ನೋಡ್ಕೊಳ್ಳೋನು, ಪೆನ್ನು ಪಿನ್ನು ಫೈಲು ಸ್ಟೇಪ್ಲರು ಎಲ್ಲಾ ನನ್ನ ತಲೆ ಮೇಲೇ, ಹೋದ ತಿಂಗಳು ಮೇಲಿನವರಿಂದ ಒಂದು ಮೇಲ್ ಬಂತು, ಇನ್ಮೇಲೆ ಏನೇ ತಗೊಂಡ್ರೂ ಅದು ಪರಿಸರಸ್ನೇಹಿ ಆಗಿರ್ಬೇಕು, ಅದಕ್ಕೆ ಸರ್ಟಿಫಿಕೇಟು ಫೈಲಲ್ಲಿ ಇರ್ಬೇಕು ಅಂತ. ಪೇಪರ್ ವಿಷಯಕ್ಕೆ ಹೇಗೋ ದಾರಿ ಸಿಕ್ತು. ನಾನು ಸಿಕ್ಕಿಹಾಕ್ಕೊಂಡಿದ್ದು ಸೀಲಲ್ಲಿ.

ನಾಲ್ಕು ಸೀಲು ಬೇಕಿತ್ತು. ಒಂದು ಅಡ್ರೆಸ್ಸು, ಒಂದು ಡೇಟು, ಒಂದು "ಸ್ವೀಕರಿಸಲಾಗಿದೆ", ಒಂದು ರೌಂಡ್ ಸೀಲು. ಸಪ್ಲೈಯರ್ ತಂದಿಟ್ಟ ಸ್ಯಾಂಪಲ್ ಡಬ್ಬಿಗಳಲ್ಲಿ ಒಂದರ ಮೇಲೆ ಹಸಿರು ಎಲೆ, ಇನ್ನೊಂದರ ಮೇಲೆ ಭೂಮೀನ ಹಿಡ್ಕೊಂಡಿರೋ ಎರಡು ಕೈ, ಮೂರನೇದರ ಮೇಲೆ ಬಾಣದ ತ್ರಿಕೋನ, ಮೂರರ ಮೇಲೂ "ಇಕೋ" ಅಂತ ದಪ್ಪಕ್ಷರ. ಸರಿ, ಇದಕ್ಕೆ ಸರ್ಟಿಫಿಕೇಟ್ ಕೊಡಿ ಅಂದೆ. ಅವರು ಎರಡು ದಿನ ಬಿಟ್ಟು ವಾಟ್ಸಾಪಲ್ಲಿ ಒಂದು ಫೋಟೋ ಕಳಿಸಿದ್ರು. ನೋಡಿದ್ರೆ ಅದೇ ಡಬ್ಬಿಯ ಫೋಟೋ, ಎಲೆ ಇರೋ ಜಾಗಾನ ಝೂಮ್ ಮಾಡಿ ತೆಗೆದಿದ್ದು!

ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಅಲ್ಲಾ ಸ್ವಾಮಿ, ನಾವು ಕಾಗದಕ್ಕೆ ಸೀಲು ಒತ್ತೋದಾದ್ರೂ ಯಾಕೆ? ಇದಕ್ಕೆ ಯಾರೋ ಒಬ್ರು ಜವಾಬ್ದಾರಿ ಹೊತ್ತಿದಾರೆ ಅಂತ ತೋರಿಸೋಕೆ ತಾನೇ. ಸೀಲಿಲ್ಲದ ಕಾಗದ ಬಂದ್ರೆ ವಾಪಸ್ ಕಳಿಸೋ ನಾವು, ಸೀಲಿನ ಡಬ್ಬಿ ಮೇಲಿರೋ ಗುರುತಿಗೆ ಜವಾಬ್ದಾರಿ ಯಾರದ್ದು ಅಂತ ಕೇಳೋದೇ ಇಲ್ಲ. ಅಲ್ಲಿಂದ ಶುರುವಾಯ್ತು ನನ್ನ ಹುಡುಕಾಟ, ಸಿಕ್ಕಿದ್ದನ್ನ ನಿಮ್ಮ ಓದುಗರಿಗೂ ಹೇಳೋಣ ಅಂತ ಈ ಪತ್ರ, ಕೊನೇಲಿ ನಿಮ್ಮ ಪತ್ರಿಕೆ ಮೇಲೂ ಒಂದು ದೂರಿದೆ, ಅಲ್ಲೀವರೆಗೆ ತಾಳ್ಮೆಯಿಂದ ಓದ್ಬೇಕು.

ಪರಿಸರದ ಗುರುತುಗಳು ನೂರಾರು ಇದ್ರೂ ಅದರಲ್ಲಿ ಜಾತಿ ಇರೋದು ಮೂರೇ. ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಈ ವಿಂಗಡಣೆ ಮಾಡಿಟ್ಟಿದೆ. ಐಎಸ್‌ಒ 14024ರ ಕೆಳಗೆ ಬರೋದು ಟೈಪ್ ಒಂದು, ಅಲ್ಲಿ ತಯಾರಕರೂ ಅಲ್ಲದ ಕೊಳ್ಳೋರೂ ಅಲ್ಲದ ಮೂರನೆಯವರು ಮೊದಲೇ ನಿಯಮ ಬರೆದಿಟ್ಟು, ವಸ್ತುವನ್ನ ಆ ನಿಯಮಕ್ಕೆ ಹಿಡಿದು ನೋಡಿ, ಪಾಸಾದ್ರೆ ಮಾತ್ರ ಗುರುತು ಕೊಡ್ತಾರೆ, ಅದಕ್ಕೆ ಅವಧಿ ಇರತ್ತೆ, ನಿಯಮ ಬಿಗಿಯಾದಾಗ ಮತ್ತೆ ಪರೀಕ್ಷೆ. ಐಎಸ್‌ಒ 14021 ಅನ್ನೋದು ಟೈಪ್ ಎರಡು, ಇಲ್ಲಿ ಕಂಪನಿ ತನ್ನ ಬಗ್ಗೆ ತಾನೇ ಹೇಳ್ಕೊಳ್ಳತ್ತೆ, ಅಂದ್ರೆ ಉತ್ತರಪತ್ರಿಕೆ ಬರೆದೋನೇ ಕೆಂಪು ಪೆನ್ನು ಹಿಡ್ಕೊಂಡು ತಿದ್ದೋಕೆ ಕೂತ ಹಾಗೆ. ಹಾಗಂತ ಎಲ್ಲಾ ಸುಳ್ಳು ಅಂತಲ್ಲ, ಪ್ರಾಮಾಣಿಕವಾಗಿ ತಿದ್ದೋರೂ ಇರ್ತಾರೆ, ಆದ್ರೆ ಕೇಳಿದ್ರೆ ಪುರಾವೆ ಕೊಡೋಕೆ ಗೊತ್ತಿರ್ಬೇಕು ಅಷ್ಟೇ. ಐಎಸ್‌ಒ 14025 ಟೈಪ್ ಮೂರು, ಅದು ವಸ್ತು ಹುಟ್ಟಿದಾಗಿಂದ ಸಾಯೋವರೆಗೆ ಎಷ್ಟು ಕರೆಂಟು, ಎಷ್ಟು ನೀರು, ಎಷ್ಟು ಇಂಗಾಲ ಅಂತ ಅಂಕಿಪಟ್ಟಿ ಕೊಡತ್ತೆ, ಒಳ್ಳೇದು ಕೆಟ್ಟದ್ದು ಅಂತ ತೀರ್ಪು ಕೊಡಲ್ಲ. ಸೀಲು ತಗೊಳ್ಳೋ ನನ್ನಂಥೋರಿಗೆ ಮೂರನೇದು ಸದ್ಯಕ್ಕೆ ಬೇಡ.

ಮೊದಲನೇ ಜಾತಿಯಲ್ಲಿ ಎಲ್ಲಕ್ಕಿಂತ ಹಿರಿಯಣ್ಣ ಜರ್ಮನಿಯ ಬ್ಲೂ ಏಂಜೆಲ್, 1978ರಲ್ಲಿ ಶುರುವಾಗಿದ್ದು, ಪ್ರಪಂಚದಲ್ಲೇ ಮೊದಲ ಇಕೋಲೇಬಲ್ ಅದು. ಆಮೇಲೆ ನಾರ್ಡಿಕ್ ದೇಶಗಳ ಹಂಸ 1989ರಲ್ಲಿ ಬಂತು, ಆಸ್ಟ್ರಿಯಾದ್ದು 1990ರಲ್ಲಿ, ಅದರ ಚಿತ್ರ ಬರೆದಿದ್ದು ಹುಂಡರ್ಟ್‌ವಾಸರ್ ಅನ್ನೋ ಕಲಾವಿದರು, ಭಾರತದ ಮಣ್ಣಿನ ಮಡಕೆ ಗುರುತಿನ ಇಕೋಮಾರ್ಕ್ 1991ರಲ್ಲಿ, ಯುರೋಪಿಯನ್ ಒಕ್ಕೂಟದ ಹೂವು 1992ರಲ್ಲಿ. ಇದನ್ನೆಲ್ಲ ಬಾಯಿಪಾಠ ಮಾಡೋದೇನೂ ಬೇಡ. ನನಗೆ ಕಣ್ಣು ತೆರೆಸಿದ ಸಂಗತಿ ಬೇರೆ. ಪ್ರತಿ ಗುರುತಿಗೂ ತನ್ನದೇ ಆದ ವಸ್ತುಗಳ ಪಟ್ಟಿ ಇರತ್ತೆ, ಆ ಪಟ್ಟೀಲಿ ಇಲ್ಲದ ವಸ್ತುವಿಗೆ ಆ ಗುರುತು ಸಿಗೋಕೆ ಸಾಧ್ಯವೇ ಇಲ್ಲ. ಬ್ಲೂ ಏಂಜೆಲ್ ಪಟ್ಟೀಲಿ ಬರೆಯೋ ಸಾಮಾನು ಮತ್ತು ಸ್ಟಾಂಪು ಎರಡೂ ಸೇರಿಸಿ ಒಂದು ವಿಭಾಗ ಇದೆ, ಅದರ ನಂಬರ್ 200. ಯುರೋಪಿನ ಹೂವಿನ ಪಟ್ಟೀಲಿ ಬಣ್ಣ ಇದೆ, ಸೋಪು ಇದೆ, ಕಾಗದ ಇದೆ, ಪೀಠೋಪಕರಣ ಇದೆ, ಸ್ಟಾಂಪಿಗೆ ಅಂತ ವಿಭಾಗ ಇಲ್ಲ. ಹಾಗಾಗಿ ಸೀಲಿನ ಡಬ್ಬಿ ಮೇಲೆ ಯಾವುದಾದ್ರೂ ದೊಡ್ಡ ಹೆಸರಿನ ಗುರುತು ಕಂಡ್ರೆ ಅದು ಒಳಗಿರೋ ಸೀಲಿಗೆ ಸಿಕ್ಕಿದ್ದೋ ಇಲ್ಲ ಹೊರಗಿನ ರಟ್ಟಿಗೆ ಸಿಕ್ಕಿದ್ದೋ ಅಂತ ಮೊದಲು ನೋಡ್ಬೇಕು. ನಿಜವಾದ ಗುರುತಿನ ಜೊತೆ ಸಾಮಾನ್ಯವಾಗಿ ನಂಬರ್ ಇರತ್ತೆ, ಆ ನಂಬರನ್ನ ಕೊಟ್ಟವರ ವೆಬ್‌ಸೈಟಲ್ಲಿ ಹಾಕಿ ನೋಡ್ಬಹುದು, ಐದು ನಿಮಿಷದ ಕೆಲಸ. ನಂಬರೂ ಇಲ್ಲ, ಕೊಟ್ಟವರ ಪಟ್ಟೀಲಿ ಹೆಸರೂ ಇಲ್ಲ ಅಂದ್ರೆ ಅದು ಚಿತ್ರ ಅಷ್ಟೇ, ಗೋಡೆಗೆ ಅಂಟಿಸ್ಕೊಳ್ಳಿ.

ಇನ್ನು ಮೋಸ ಹೋಗೋಕೆ ಹೇಳಿ ಮಾಡಿಸಿದಂಥ ಗುರುತುಗಳು ಕೆಲವಿವೆ. ಬಾಣದ ತ್ರಿಕೋನಾನೇ ತಗೊಳ್ಳಿ. 1970ರಲ್ಲಿ ಗ್ಯಾರಿ ಆಂಡರ್ಸನ್ ಅನ್ನೋ ಅಮೆರಿಕದ ವಿದ್ಯಾರ್ಥಿ ಒಂದು ಸ್ಪರ್ಧೆಗೆ ಬರೆದು ಗೆದ್ದ ಚಿತ್ರ ಅದು, ಚಂದ ಇದೆ, ಆದ್ರೆ ಅದನ್ನ ಯಾರು ಬೇಕಾದ್ರೂ ಹಾಕ್ಕೊಬಹುದು, ಯಾರ ಪರ್ಮಿಶನ್ನೂ ಬೇಡ. ಬರೀ ಬಾಣ ಇದ್ರೆ ಬಿಸಾಕಿದ ಮೇಲೆ ಇದರಿಂದ ಹೊಸ ವಸ್ತು ಮಾಡೋಕೆ ಆಗತ್ತೆ ಅಂತ ಕಂಪನಿ ಹೇಳ್ತಿದೆ ಅಂತರ್ಥ, ಒಳಗೆ ಶೇಕಡಾ ಅಂತ ಅಂಕಿ ಇದ್ರೆ ಅಷ್ಟು ಭಾಗ ಮರುಬಳಕೆಯ ವಸ್ತುವಿನಿಂದಲೇ ಮಾಡಿದ್ದು ಅಂತರ್ಥ. ಎರಡಕ್ಕೂ ಅಜಗಜಾಂತರ! ಅದೇ ತ್ರಿಕೋನದಲ್ಲಿ ಶೇಕಡಾ ಇಲ್ಲದೆ 1ರಿಂದ 7ರವರೆಗೆ ಒಂದು ಅಂಕಿ ಇದ್ರೆ ಅದು ಪ್ಲಾಸ್ಟಿಕ್ಕಿನ ಜಾತಿ ಹೇಳತ್ತೆ, ಹಸಿರಿಗೂ ಅದಕ್ಕೂ ಸಂಬಂಧಾನೇ ಇಲ್ಲ, ಸೀಲಿನ ಮೈಗೆ ಬಹಳ ಸಲ ಬಳಸೋ ಎಬಿಎಸ್ ಪ್ಲಾಸ್ಟಿಕ್ 7ರಲ್ಲಿ ಬರತ್ತೆ, 7 ಅಂದ್ರೆ "ಇತರೆ", ಇತರೆಯನ್ನ ಗುಜರಿಯೋರು ಮುಟ್ಟೋದೇ ಅನುಮಾನ. ಇನ್ನೊಂದು, ಎರಡು ಬಾಣ ತಬ್ಬಿಕೊಂಡ ಹಾಗಿರೋ ದುಂಡು ಗುರುತು, ಗ್ರೀನ್ ಡಾಟ್ ಅಂತಾರೆ, ಅದರ ಅರ್ಥ ಪ್ಯಾಕಿಂಗ್ ಕಸ ಸಂಗ್ರಹದ ವ್ಯವಸ್ಥೆಗೆ ತಯಾರಕರು ಹಣ ಕಟ್ಟಿದಾರೆ ಅಂತ, ಅಷ್ಟೇ, ಡಬ್ಬಿ ಮತ್ತೆ ಬಳಕೆಗೆ ಹೋಗತ್ತೆ ಅಂತ ಅಲ್ವೇ ಅಲ್ಲ. ನಾನು ಇಷ್ಟು ವರ್ಷ ಅದನ್ನ ನೋಡಿ ಖುಷಿಪಟ್ಕೊಂಡಿದ್ದೆ.

ಮರದ ಹಿಡಿಯ ಸೀಲಿಗೆ ಎಫ್‌ಎಸ್‌ಸಿ ಗುರುತು ಕೇಳ್ಬಹುದು, ಕಾಡನ್ನ ಜವಾಬ್ದಾರಿಯಿಂದ ನೋಡ್ಕೊಂಡ ಕಡೆಯ ಮರ ಅನ್ನೋಕೆ ಅದು ಆಧಾರ, ಆದ್ರೆ ಅಲ್ಲೂ ಮೂರು ಥರ ಇದೆ, ಪೂರ್ತಿ ನೂರು ಅನ್ನೋದು ಬೇರೆ, ಮಿಕ್ಸ್ ಬೇರೆ, ರೀಸೈಕಲ್ಡ್ ಬೇರೆ. ಮತ್ತೆ ಅದು ಹೇಳೋದು ಮರದ ಬಗ್ಗೆ ಮಾತ್ರ, ಕೆಳಗೆ ಅಂಟಿಸಿರೋ ರಬ್ಬರಿನ ಬಗ್ಗೆ ಒಂದಕ್ಷರಾನೂ ಇಲ್ಲ.

"ಕಾರ್ಬನ್ ನ್ಯೂಟ್ರಲ್" ಅಂತ ಬರೆದಿದ್ರೆ? ಹೊರಬಿಟ್ಟ ಇಂಗಾಲವನ್ನೆಲ್ಲ ಸರಿದೂಗಿಸಿದೀವಿ ಅನ್ನೋ ಮಾತು ಅದು, ಇಂಗಾಲ ಒಂದರ ಲೆಕ್ಕ, ಅದರಲ್ಲೂ ಎಷ್ಟು ಕಮ್ಮಿ ಮಾಡಿದಾರೆ ಎಷ್ಟು ಬೇರೆ ಕಡೆ ಗಿಡ ನೆಡೋಕೆ ದುಡ್ಡು ಕೊಟ್ಟು ಸರಿದೂಗಿಸಿದಾರೆ ಅಂತ ಕೇಳಿ. ಇಂಕಿನಲ್ಲಿ ಏನಿದೆ ಅನ್ನೋದಕ್ಕೆ ಅದರಲ್ಲಿ ಉತ್ತರ ಇರಲ್ಲ.

"ಶೇಕಡಾ ಇಷ್ಟರವರೆಗೆ ಮರುಬಳಕೆ ಪ್ಲಾಸ್ಟಿಕ್" ಅನ್ನೋ ವಾಕ್ಯದಲ್ಲಿ ಆ "ವರೆಗೆ" ಅನ್ನೋ ಪದಾನ ದಯವಿಟ್ಟು ನುಂಗ್ಬೇಡಿ. ಒಂದು ಮಾಡೆಲ್ಲಿಗೆ ಅಷ್ಟಿದ್ದು ನೀವು ತಗೊಳ್ಳೋ ಸೈಜಿಗೆ ಅರ್ಧಾನೇ ಇರಬಹುದು. ಇದರ ಬಗ್ಗೆ ಐಎಸ್‌ಒ 14021ರಲ್ಲಿ ಒಂದು ಒಳ್ಳೇ ನಿಯಮ ಇದೆ, ಕಾರ್ಖಾನೆಯೊಳಗೆ ಅಚ್ಚು ತೆಗೆಯುವಾಗ ಉಳಿಯೋ ಚೂರುಗಳನ್ನ ಪುಡಿ ಮಾಡಿ ಅದೇ ಮೆಷಿನ್ನಿಗೆ ವಾಪಸ್ ಸುರಿದ್ರೆ ಅದನ್ನ ಮರುಬಳಕೆ ಅಂತ ಲೆಕ್ಕ ಹಿಡಿಯೋ ಹಾಗಿಲ್ಲ. ಸರಿಯಾಗೇ ಇದೆ, ಮನೇಲಿ ಮಿಕ್ಕ ಹಿಟ್ಟಲ್ಲೇ ಇನ್ನೊಂದು ರೊಟ್ಟಿ ತಟ್ಟಿ ದಾನ ಮಾಡ್ದೆ ಅಂದ್ರೆ ಯಾರಾದ್ರೂ ಒಪ್ತಾರಾ. ಹಾಗಾಗಿ ಜನ ಬಳಸಿ ಬಿಸಾಕಿದ ಪ್ಲಾಸ್ಟಿಕ್ಕಿಂದ ಎಷ್ಟು ಅಂತಲೇ ಕೇಳ್ಬೇಕು.

ಇಷ್ಟೆಲ್ಲ ಓದಿ ಮುಗಿಸಿದ ಮೇಲೆ ನನ್ನ ಟೇಬಲ್ಲಿನ ಕೆಳಗಿನ ಡ್ರಾಯರ್ ತೆಗೆದು ನೋಡಿದೆ ಸಂಪಾದಕರೇ. ಮೂವತ್ತೊಂದು ಸೀಲು! ಹಳೇ ವಿಳಾಸದ್ದು ಆರು, ರಿಟೈರ್ ಆದೋರ ಹುದ್ದೆಯದ್ದು ಎಂಟು, ಫೋನ್ ನಂಬರ್ ಬದಲಾಗಿದ್ದಕ್ಕೆ ಮೂಲೆ ಸೇರಿದ್ದು ನಾಲ್ಕು, ಯಾರು ಯಾಕೆ ಮಾಡಿಸಿದ್ರೋ ಗೊತ್ತಿಲ್ಲದ್ದು ಒಂದಷ್ಟು, ಮತ್ತೆ ವರ್ಷ ಮುಗಿದುಹೋದ ಡೇಟ್ ಸೀಲು ಮೂರು. ಡೇಟ್ ಸೀಲಿನ ಈ ಕಥೆ ಎಷ್ಟು ಜನಕ್ಕೆ ಗೊತ್ತೋ, ಅದರೊಳಗೆ ತಿರುಗೋ ರಬ್ಬರ್ ಪಟ್ಟಿ ಇರತ್ತಲ್ಲ, ದಿನಕ್ಕೊಂದು ತಿಂಗಳಿಗೊಂದು ವರ್ಷಕ್ಕೊಂದು, ಆ ವರ್ಷದ ಪಟ್ಟೀಲಿ ಹತ್ತು ಹನ್ನೆರಡು ವರ್ಷ ಮಾತ್ರ ಅಚ್ಚಾಗಿರತ್ತೆ, ಸ್ಪ್ರಿಂಗು ಗಟ್ಟಿ, ಮೈ ಗಟ್ಟಿ, ಒತ್ತಿದ್ರೆ ಠಪ್ ಅಂತ ಒಳ್ಳೇ ಅಚ್ಚು, ಆದ್ರೆ ಕ್ಯಾಲೆಂಡರ್ ಮುಗೀತು ಅಂತ ಅದು ಕಸ. ಅಂಗಡೀಲಿ ಬಹಳ ದಿನ ಧೂಳು ಹಿಡಿದು ಕೂತಿದ್ದ ಪೀಸು ತಗೊಂಡ್ರೆ ಇನ್ನೂ ಮೋಸ, ಅರ್ಧ ವರ್ಷಗಳು ಮೊದಲೇ ಕಳೆದುಹೋಗಿರ್ತವೆ. ತಗೊಳ್ಳುವಾಗ ಪಟ್ಟಿಯನ್ನ ಪೂರ್ತಿ ತಿರುಗಿಸಿ ಕೊನೇ ವರ್ಷ ಯಾವುದು ಅಂತ ನೋಡಿ. ಇದು ಯಾವ ಇಕೋಲೇಬಲ್ಲೂ ಹೇಳಲ್ಲ.

ಆ ಮೂವತ್ತೊಂದರಲ್ಲಿ ಮೈ ಕೆಟ್ಟಿದ್ದು ಎಷ್ಟು ಅಂತೀರಾ, ಎರಡೋ ಮೂರೋ. ಮಿಕ್ಕಿದ್ದೆಲ್ಲ ಅಕ್ಷರ ಹಳೇದಾಗಿ ಸತ್ತಿದ್ದು. ಸೆಲ್ಫ್ ಇಂಕಿಂಗ್ ಸೀಲು ಅಂದ್ರೆ ಏನು, ಪ್ಲಾಸ್ಟಿಕ್ ಮೈ, ಒಳಗೊಂದು ಉಕ್ಕಿನ ಸ್ಪ್ರಿಂಗು, ಇಂಕು ಕುಡಿದ ಪ್ಯಾಡು, ಅಕ್ಷರ ಇರೋ ತೆಳು ರಬ್ಬರು. ತೂಕದಲ್ಲಿ ಮೈಯೇ ಹೆಚ್ಚು, ಆಯುಸ್ಸೂ ಅದಕ್ಕೇ ಹೆಚ್ಚು, ಬೇಗ ಹೋಗೋದು ಪ್ಯಾಡು ಮತ್ತು ಅಕ್ಷರ. ಪ್ಯಾಡು ಒಣಗಿದ್ರೆ ಪ್ಯಾಡು ಮಾತ್ರ ಬದಲಾಯಿಸೋ ಹಾಗೆ, ವಿಳಾಸ ಬದಲಾದ್ರೆ ರಬ್ಬರ್ ಮಾತ್ರ ಕಿತ್ತು ಹೊಸದು ಅಂಟಿಸೋ ಹಾಗೆ ಇದ್ರೆ ಒಂದು ಮೈ ಎಷ್ಟೋ ವರ್ಷ ಬರತ್ತೆ. ಅದೇ ನನ್ನ ಪ್ರಕಾರ ಮೊದಲ ಪ್ರಶ್ನೆ, ಎಲೆ ಗುರುತು ಆಮೇಲೆ. ಬಿಡಿ ಪ್ಯಾಡು ಸಿಗದ ಹಸಿರು ಸೀಲಿಗಿಂತ ಬಿಡಿ ಪ್ಯಾಡು ಸಿಗೋ ಕಪ್ಪು ಸೀಲು ಮೇಲು ಅಂತ ನಾನಂತೂ ಫೈಲಲ್ಲೇ ಬರೆದಿಟ್ಟಿದೀನಿ, ಆಡಿಟ್ಟಿನೋರು ಕೇಳ್ಲಿ ನೋಡೋಣ.

ಇದನ್ನೇ ಇನ್ನೂ ಮುಂದೆ ತಗೊಂಡುಹೋದ್ರೆ ಹಳೇ ಕಾಲದ ಮರದ ಹಿಡಿ ಠಸ್ಸೆ ಮತ್ತು ಬೇರೆ ಪ್ಯಾಡಿಗೆ ಬರ್ತೀವಿ. ಸ್ಪ್ರಿಂಗಿಲ್ಲ, ಪ್ಲಾಸ್ಟಿಕ್ಕಿಲ್ಲ, ಹತ್ತು ಠಸ್ಸೆಗೆ ಒಂದೇ ಪ್ಯಾಡು ಸಾಕು. ದಿನಕ್ಕೆ ಐದೋ ಹತ್ತೋ ಒತ್ತೋರಿಗೆ ಅದಕ್ಕಿಂತ ಸರಳ ಯಾವುದೂ ಇಲ್ಲ. ಆದ್ರೆ ಟಪಾಲು ವಿಭಾಗದಲ್ಲಿ ಕೂತು ದಿನಕ್ಕೆ ಮುನ್ನೂರು ಸಲ ಒತ್ತೋರಿಗೆ ಇದನ್ನ ಕೊಟ್ಟು ಪರಿಸರ ಉಳಿಸಿ ಅನ್ನೋದು ಅನ್ಯಾಯ, ಅವರ ಕೈಯೂ ಪರಿಸರದ ಭಾಗವೇ. ವರ್ಷಕ್ಕೆ ಎರಡು ಸಲ ಬೇಕಾಗೋ ಸೀಲಂತೂ ಮಾಡಿಸ್ಲೇಬೇಡಿ, ಪೆನ್ನಲ್ಲಿ ಬರೀರಿ.

ಇಂಕಿನ ವಿಷಯಕ್ಕೆ ಬರ್ತೀನಿ, ಇಲ್ಲಿ ಜನ ಎಡವೋದು ಜಾಸ್ತಿ. ಮಾಮೂಲಿ ಪ್ಯಾಡಿನ ಇಂಕು ನೀರಿನ ಆಧಾರದ್ದು, ಅದರ ಜೊತೆ ಗ್ಲಿಸರಿನ್ನೋ ಗ್ಲೈಕಾಲೋ ಇರತ್ತೆ, ಅದು ಗಾಳಿಯ ತೇವ ಹಿಡಿದಿಟ್ಕೊಂಡು ಪ್ಯಾಡು ಒಣಗದ ಹಾಗೆ ನೋಡ್ಕೊಳ್ಳತ್ತೆ. ಆಫೀಸಿನ ಮಾಮೂಲಿ ಕಾಗದಕ್ಕೆ ಇದೇ ಸಾಕು. ಪ್ಲಾಸ್ಟಿಕ್ಕು ಲೋಹ ನುಣುಪು ಕಾಗದ ಇವುಗಳ ಮೇಲೆ ಒತ್ತೋಕೆ ಬೇರೆ ಇಂಕು ಬರತ್ತೆ, ಬೇಗ ಆರತ್ತೆ, ಬೇಗ ಆರತ್ತೆ ಅಂದ್ರೇನೇ ಅದರಲ್ಲಿರೋ ಸಾಲ್ವೆಂಟ್, ಅಂದ್ರೆ ಬಣ್ಣ ಕರಗಿಸೋ ದ್ರವ, ಗಾಳಿಗೆ ಹಾರ್ತಿದೆ ಅಂತರ್ಥ, ಆ ಘಾಟು ಸೇರೋದು ಒತ್ತೋರ ಮೂಗಿಗೆ. ಒಂದು ಕಡೆ ಬೇಕಾಗತ್ತೆ ಅಂತ ಇಡೀ ಆಫೀಸಿಗೆ ಅದನ್ನೇ ತರಿಸೋರಿದಾರೆ. ಮೂರನೇದು ಎಣ್ಣೆ ಆಧಾರದ ಇಂಕು, ಪ್ರೀ ಇಂಕ್ಡ್ ಸೀಲುಗಳದ್ದು, ಅಂದ್ರೆ ಪ್ಯಾಡೇ ಇಲ್ಲದೆ ಸ್ಪಂಜಿನಂಥ ಅಚ್ಚಿನ ಒಳಗೇ ಇಂಕು ತುಂಬಿರೋ ಥರದ್ದು. ಇವನ್ನ ಒಂದಕ್ಕೊಂದು ಬೆರೆಸಿದ್ರೆ ಮುಗೀತು ಕಥೆ. ನಮ್ಮಲ್ಲೊಬ್ರು ಮಾಮೂಲಿ ರಬ್ಬರ್ ಸೀಲಿನ ಪ್ಯಾಡಿಗೆ ಎಣ್ಣೆ ಇಂಕು ಬಿಟ್ಟು, ಆ ರಬ್ಬರು ಎಣ್ಣೆ ಕುಡಿದು ಊದ್ಕೊಂಡು, ಅಕ್ಷರಗಳೆಲ್ಲ ಹೊಟ್ಟೆ ಬಂದ ಹಾಗಾಗಿ ಇಡೀ ಸೀಲು ಕಸಕ್ಕೆ ಹೋಯ್ತು. ಉಲ್ಟಾ ಮಾಡಿ ಪ್ರೀ ಇಂಕ್ಡ್ ಸೀಲಿಗೆ ನೀರಿನ ಇಂಕು ಹುಯ್ದ್ರೆ ಅದರ ರಂಧ್ರ ಕಟ್ಕೊಳ್ಳತ್ತೆ. ಇಂಕಿನ ಬಾಟಲಿ ಜೊತೆ ಸೇಫ್ಟಿ ಡೇಟಾ ಶೀಟು ಕೇಳಿ, ಅದರಲ್ಲಿ 16 ವಿಭಾಗ ಇರತ್ತೆ, ಎರಡನೇದರಲ್ಲಿ ಅಪಾಯ, ಮೂರನೇದರಲ್ಲಿ ಏನೇನು ಹಾಕಿದಾರೆ ಅಂತ ಇರತ್ತೆ, ಡಬ್ಬಿ ಮೇಲಿನ "ನಾನ್ ಟಾಕ್ಸಿಕ್" ಅನ್ನೋ ಪದಕ್ಕಿಂತ ಆ ಎರಡು ಪುಟ ಎಷ್ಟೋ ವಾಸಿ.

ಇದರಲ್ಲೊಂದು ಪೇಚೂ ಇದೆ. ನೀರಿನ ಇಂಕಿನಲ್ಲಿ ಬಹಳಷ್ಟು ಡೈ ಬಣ್ಣದವು, ಅಂದ್ರೆ ಬಣ್ಣ ಕರಗಿರೋ ಥರದವು, ಬಿಸಿಲು ಬೆಳಕಿಗೆ ಮಾಸ್ತವೆ, ನೀರು ಬಿದ್ರೆ ಹರಡ್ತವೆ. ದಶಕಗಟ್ಟಲೆ ಉಳೀಬೇಕಾದ ದಾಖಲೆಗೆ ಪಿಗ್ಮೆಂಟ್ ಇಂಕೇ, ಅಂದ್ರೆ ಕರಗದ ಬಣ್ಣದ ಪುಡಿ ಇರೋದೇ ಹಾಕಿ, ಪರಿಸರ ಅಂತ ಅಲ್ಲಿ ಚೌಕಾಸಿ ಬೇಡ, ಸೀಲು ಮಾಸಿ ಹೋಗಿ ಇಡೀ ಕಡತ ಮತ್ತೆ ಪ್ರಿಂಟ್ ಹಾಕಿಸೋ ಹಾಗಾದ್ರೆ ಉಳಿಸಿದ್ದೆಲ್ಲ ಅಲ್ಲೇ ಹೋಗತ್ತೆ.

ಅಕ್ಷರದ ರಬ್ಬರು ಹೇಗೆ ತಯಾರಾಗತ್ತೆ ಅನ್ನೋದನ್ನೂ ಒಂದು ಸಾಲು ಹೇಳ್ತೀನಿ. ಒಂದು ದಾರಿ ಲೇಸರ್, ಬೇಡದ ರಬ್ಬರನ್ನ ಸುಟ್ಟು ತೆಗೆದು ಅಕ್ಷರ ಉಳಿಸೋದು, ಹೊಗೆ ಬರತ್ತೆ, ಬೂದಿ ಬರತ್ತೆ, ಒಳ್ಳೇ ಫಿಲ್ಟರ್ ಇಲ್ಲದಿದ್ರೆ ಅಲ್ಲಿ ಕೆಲಸ ಮಾಡೋರ ಎದೆಗೆ ಅದು. ಇನ್ನೊಂದು ಪಾಲಿಮರ್, ದ್ರವವನ್ನ ಅಲ್ಟ್ರಾವಯಲೆಟ್ ಬೆಳಕಲ್ಲಿ ಗಟ್ಟಿ ಮಾಡಿ ಉಳಿದಿದ್ದನ್ನ ಸೋಪುನೀರಲ್ಲಿ ತೊಳೆಯೋದು, ಹೊಗೆ ಇಲ್ಲ ಆದ್ರೆ ಆ ತೊಳೆದ ನೀರನ್ನ ಹಾಗೇ ಮೋರಿಗೆ ಬಿಡಬಾರದು. ಯಾವುದು ಶುದ್ಧ ಅಂತ ಕೇಳಿದ್ರೆ ಮಾಡೋರು ಹೇಗೆ ಮಾಡ್ತಾರೆ ಅನ್ನೋದರ ಮೇಲೆ ಹೋಗತ್ತೆ.

ಈಗ ನಿಮ್ಮ ಮೇಲಿನ ದೂರು. ನಿಮ್ಮ ಪತ್ರಿಕೇಲಿ "ಪರಿಸರಸ್ನೇಹಿ" ಅನ್ನೋ ಪದ ಬರದ ದಿನ ಇಲ್ಲ. ಪರಿಸರಸ್ನೇಹಿ ಪೆನ್ನು, ಪರಿಸರಸ್ನೇಹಿ ಬ್ಯಾಗು, ಪರಿಸರಸ್ನೇಹಿ ಕಟ್ಟಡ, ಜಾಹೀರಾತಿನಲ್ಲಿ ಬಂದ್ರೆ ಒಂದು ಥರ, ಸುದ್ದಿಯಲ್ಲೇ ಬರತ್ತೆ, ಕಂಪನಿಯೋರು ಕೊಟ್ಟ ಪತ್ರಿಕಾ ಪ್ರಕಟಣೆಯ ಪದ ಹಾಗೇ ಅಚ್ಚಾಗಿರತ್ತೆ. ನಾನು ಮೇಲೆ ಹೇಳಿದ ಐಎಸ್‌ಒ 14021 ಇದೆಯಲ್ಲ, ಅದೇನೂ ಕಠಿಣ ಕಾನೂನಲ್ಲ, ಕಂಪನಿಗಳು ತಮ್ಮ ಬಗ್ಗೆ ತಾವೇ ಹೊಗಳ್ಕೊಳ್ಳೋಕೆ ಇರೋ ನಿಯಮ, ಅದರಲ್ಲೇ "ಪರಿಸರಸ್ನೇಹಿ", "ಹಸಿರು", "ಭೂಮಿಗೆ ಸ್ನೇಹಿ" ಇಂಥ ಮೊಗಮ್ಮಾದ ಪದ ಬಳಸಲೇಬಾರದು ಅಂತಿದೆ. ಯುರೋಪಿಯನ್ ಕಮಿಷನ್ 2020ರಲ್ಲಿ ಇಂಥ ಹೇಳಿಕೆಗಳನ್ನ ಪರಿಶೀಲನೆ ಮಾಡಿಸಿದಾಗ ಶೇ. 53ರಷ್ಟು ಅಸ್ಪಷ್ಟ ಅಥವಾ ದಾರಿ ತಪ್ಪಿಸೋವು ಅಥವಾ ಆಧಾರವಿಲ್ಲದವು ಅಂತ ಕಂಡುಬಂತು, ಶೇ. 40ಕ್ಕೆ ಪುರಾವೆಯೇ ಇರ್ಲಿಲ್ಲ. ಆಮೇಲೆ 2024ರಲ್ಲಿ ಅವರು ಹೊಸ ನಿಯಮ ಮಾಡಿದ್ರು, ಒಪ್ಪಿತ ಆಧಾರ ಇಲ್ಲದೆ ಗ್ರಾಹಕರಿಗೆ "ಪರಿಸರಸ್ನೇಹಿ" ಅಂತ ಬರೆಯೋ ಹಾಗಿಲ್ಲ, ಬರೀ ಗಿಡ ನೆಟ್ಟ ಲೆಕ್ಕ ತೋರಿಸಿ ಈ ವಸ್ತು ಕಾರ್ಬನ್ ನ್ಯೂಟ್ರಲ್ ಅನ್ನೋ ಹಾಗೂ ಇಲ್ಲ, 2026ರ ಸೆಪ್ಟೆಂಬರ್ 27ರಿಂದ ಅದು ಅನ್ವಯ. ಡಬ್ಬಿ ಮೇಲೆ ಬರೆಯೋಕೆ ಹಿಂಜರೀಬೇಕಾದ ಪದಾನ ಪತ್ರಿಕೆ ಹೆಡ್ಡಿಂಗಲ್ಲಿ ಬರೆದ್ರೆ ಹೇಗೆ ಹೇಳಿ.

ಪೂರ್ತಿ ಬಿಡಿ ಅಂತ ನಾನು ಹೇಳ್ತಿಲ್ಲ. ಆ ಪದ ಬಂದ ಕಡೆ ಯಾವ ಕಾರಣಕ್ಕೆ, ಯಾರು ಪರೀಕ್ಷೆ ಮಾಡಿದ್ದು, ನಂಬರ್ ಏನು ಅಂತ ಪಕ್ಕದಲ್ಲೇ ಅರ್ಧ ಸಾಲು ಹಾಕಿ. ಕಾರಣ ಕೊಡೋಕೆ ಆಗಲ್ಲ ಅಂದ್ರೆ "ಎಂದು ಕಂಪನಿ ಹೇಳಿಕೊಂಡಿದೆ" ಅಂತನಾದ್ರೂ ಸೇರಿಸಿ. ರಾಜಕಾರಣಿಗಳ ಮಾತಿಗೆ ಅಷ್ಟು ಎಚ್ಚರಿಕೆ ತಗೋತೀರಲ್ಲ, ಅದೇ ಎಚ್ಚರಿಕೆ.

ನಾನು ಕೊನೆಗೆ ಏನು ಮಾಡ್ದೆ ಅಂತ ಕೇಳ್ತೀರೇನೋ. ಡ್ರಾಯರಿನ ಹಳೇ ಮೈಗಳಲ್ಲಿ ಗಟ್ಟಿಯಿದ್ದ ಎರಡನ್ನ ಆರಿಸಿ ಅಡ್ರೆಸ್ಸಿಗೆ ಮತ್ತೆ "ಸ್ವೀಕರಿಸಲಾಗಿದೆ"ಗೆ ಹೊಸ ರಬ್ಬರು ಅಂಟಿಸಿದೆ, ಪ್ಯಾಡು ಮಾತ್ರ ಹೊಸದು. ರೌಂಡ್ ಸೀಲಿಗೆ ಮರದ ಹಿಡಿ. ಡೇಟ್ ಸೀಲೊಂದು ಹೊಸದೇ ಬೇಕಾಯ್ತು, ಪಟ್ಟಿ ಪೂರ್ತಿ ತಿರುಗಿಸಿ ನೋಡೇ ತಗೊಂಡೆ, ಅಂಗಡಿಯೋರು ನನ್ನನ್ನ ವಿಚಿತ್ರವಾಗಿ ನೋಡಿದ್ರು. ಮಿಕ್ಕಿದ್ದನ್ನ ಬಿಸಾಕೋ ಮುಂಚೆ ಅಕ್ಷರದ ರಬ್ಬರನ್ನ ಕತ್ತರೀಲಿ ತುಂಡು ಮಾಡಿದೆ, ಇದನ್ನ ಮರೀಬೇಡಿ, ಕಸದಲ್ಲಿ ಸಿಕ್ಕ ಸೀಲು ಯಾರ ಕೈಗೆ ಹೋಗತ್ತೋ. ಫೈಲಲ್ಲಿ ಸರ್ಟಿಫಿಕೇಟ್ ಜಾಗದಲ್ಲಿ "ಡೇಟ್ ಸೀಲೊಂದು ಬಿಟ್ಟು ಹೊಸ ಪ್ಲಾಸ್ಟಿಕ್ ಮೈ ಕೊಂಡಿಲ್ಲ" ಅಂತ ಬರೆದು ಸಹಿ ಮಾಡಿದೀನಿ, ಮೇಲಿನವರಿಂದ ಇನ್ನೂ ಉತ್ತರ ಬಂದಿಲ್ಲ.

ಆ ಝೂಮ್ ಮಾಡಿದ ಎಲೆಯ ಫೋಟೋ ನನ್ನ ಫೋನಲ್ಲಿ ಹಾಗೇ ಇದೆ. ಪತ್ರದ ಜೊತೆ ಹಾಕ್ಬೇಕು ಅನ್ಸಿದ್ರೆ ಕಳಿಸ್ತೀನಿ, ಫೋಟೋದ ಅಡಿಬರಹದಲ್ಲಿ ಮಾತ್ರ "ಪರಿಸರಸ್ನೇಹಿ ಸೀಲು" ಅಂತ ಬರೀಬೇಡಿ.

ಇಂತಿ ನಿಮ್ಮ ಓದುಗ,
ಸ್ಟೇಷನರಿ ಡ್ರಾಯರಿನ ಕಾವಲುಗಾರ